ಇಲ್ಲ ಎಂದು ಬರೆದ ರಿಜಿಸ್ಟರು

ಹುಬ್ಬಳ್ಳಿ ಪ್ಯಾಸೆಂಜರ್ ಇಳಿದು
ಬೆಟಗೇರಿಯ ಆಟೋ ಹಿಡಿದಾಗ
ನನ್ನ ಚೀಲದಲ್ಲಿ ಒಂಬತ್ತು ರಿಜಿಸ್ಟರು, ಒಂದು ಸ್ಟಾಂಪ್ ಪ್ಯಾಡು,
ಮಧ್ಯಾಹ್ನಕ್ಕೆ ಎರಡು ಕಟಕ ರೊಟ್ಟಿ.
ಜನವರಿಗೊಮ್ಮೆ ಬರುವ ನೆಂಟಳು ನಾನು:
ಕರೆದವರಿಲ್ಲ, ಬೇಡವೆನ್ನುವಂತಿಲ್ಲ.

ಹೊಂಬಳ ಆಫ್‌ಸೆಟ್‌ನ ಬಾಗಿಲಲ್ಲೇ
ಸೀಮೆಎಣ್ಣೆ, ಮಸಿ, ಮೈದಾ ಅಂಟಿನ ವಾಸನೆ.
ರೋಲರ್ ಒರೆಸಿದ ಅರಿವೆಗಳು ಗಟಾರದ ದಂಡೆಗೆ
ನೀಲಿ ಉಗುಳುತ್ತ, ಕೆಂಪು ಉಗುಳುತ್ತ ಬಿದ್ದಿವೆ.
"ಇವನ್ನ ಹಿಂಗ ಒಗೀಬಾರದರೀ," ಅಂತೀನಿ.
"ಹೋದ ವರ್ಷಾನೂ ಹೇಳಿದ್ರಿ," ಅಂತಾರೆ ಅಂದಾನೆಪ್ಪ,
ಒಪ್ಪಿಗೆಯೋ ದೂರೋ ತಿಳಿಯದ ದನಿಯಲ್ಲಿ.
ಚಾ ಬರುತ್ತದೆ.

ಹಾಜರಿ ಪುಸ್ತಕ ಸರಿಯಿದೆ. ಪಗಾರದ್ದೂ.
ರೇಣವ್ವನ ಹೆಬ್ಬೆಟ್ಟು ಈ ವರ್ಷ ಸಹಿಯಾಗಿದೆ,
ಅವಳ 'ರೇ' ಗೆರೆ ದಾಟಿ ಪಕ್ಕದ ಮನೆ ಹೊಕ್ಕಿದೆ.
ಕೊನೆಗೆ ತೆರೆಯುವುದು ಎಲ್ಲಕ್ಕಿಂತ ತೆಳ್ಳನೆಯದು:
ಅಪಘಾತದ ರಿಜಿಸ್ಟರು.
ದಿನಾಂಕ, ಹೆಸರು, ಯಾವ ಯಂತ್ರ,
ದೇಹದ ಯಾವ ಭಾಗ, ಎಷ್ಟು ದಿನ ಕೆಲಸ ತಪ್ಪಿತು.
ಎಲ್ಲ ಮನೆಗಳಿಗೂ ಅಡ್ಡಲಾಗಿ, ಹನ್ನೊಂದು ವರ್ಷದಿಂದ,
ನನ್ನದೇ ಅಕ್ಷರದಲ್ಲಿ: ಇಲ್ಲ. ಇಲ್ಲ. ಇಲ್ಲ.

ಆ ಪುಟ ಹೊರಳಿಸಿ ಕೊಟ್ಟ ಕೈಗೆ
ಎರಡು ಬೆರಳಿಲ್ಲ.

ಮೊದಲ ಸಲ ನೋಡಿದ್ದಲ್ಲ. ಹನ್ನೊಂದು ವರ್ಷ
ಆ ಕೈಯಿಂದಲೇ ನನ್ನ ಫೀ ಇಸಕೊಂಡಿದ್ದೇನೆ,
ಮೂರೇ ಬೆರಳಲ್ಲಿ ನೋಟು ಎಣಿಸುವ ಅದರ ಜಾಣತನಕ್ಕೆ
ಮನಸ್ಸಿನಲ್ಲೇ ಭೇಷ್ ಅಂದಿದ್ದೇನೆ.
ಇವತ್ತು ಯಾಕೋ ಕೇಳಿದೆ.

"ಅದು ತೊಂಬತ್ತೆಂಟರಾಗಿಂದು. ಕ್ಯಾಲೆಂಡರ್ ಸೀಸನ್ನು.
ಕರೆಂಟ್ ಹೋಗಿತ್ತು, ಕಾಗದ ಸರಸಾಕ ಕೈ ಹಾಕಿದೆ,
ಕರೆಂಟ್ ಬಂತು.
ಆದ್ರ ಅದು ಇದರಾಗ ಬರೂದಿಲ್ರೀ ಮೇಡಮ್ಮಾರ,
ಇದರಾಗ ಕೆಲಸದವರದ್ದು ಬರೀತಾರ.
ನಾ ಮಾಲಕ."

ನಕ್ಕರು. ನಾನೂ ನಕ್ಕೆ, ಕಾನೂನಿನ ಪ್ರಕಾರ
ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಒಳಗೆ ಕಟಿಂಗ್ ಯಂತ್ರ ಬೀಳುವ ಸಪ್ಪಳ. ಎದ್ದು ಹೋದೆ.
ಮೌಲಾಲಿ ನಿಂತಿದ್ದ, ಇಪ್ಪತ್ತೆರಡರ ಹುಡುಗ,
ಮೈತುಂಬ ಕಾಗದದ ಎಳೆ, ಹುಬ್ಬಿನ ಮೇಲೂ.
ಆ ಯಂತ್ರಕ್ಕೆ ಎರಡು ಗುಂಡಿ, ಒಂದು ಮೊಳ ದೂರ ದೂರ;
ಎರಡೂ ಕೈ ಗುಂಡಿಯ ಮೇಲಿದ್ದರಷ್ಟೇ ಅಲಗು ಇಳಿಯಬೇಕು.
ಮಾಡಿದವನು ಅಷ್ಟು ಯೋಚಿಸಿದ್ದ.
ಎಡಗಡೆ ಗುಂಡಿ ಒಳಗೇ ಕೂತಿತ್ತು:
ಸಂದಿಯಲ್ಲಿ ಎಂಟು ಮಡಿಕೆ ಮಾಡಿ ತುರುಕಿದ
ಯಾರದೋ ಲಗ್ನಪತ್ರಿಕೆ.
ಮೌಲಾಲಿಯ ಎಡಗೈ ಆರಾಮಾಗಿ
ಅಲಗಿನ ಕೆಳಗೆ ಹೋಗಿ ಬಂದು ಮಾಡುತ್ತಿತ್ತು.
"ದಿನಕ್ಕ ನಾಕುನೂರು ಕಟ್ ಹೆಚ್ಚಿಗಿ ಬೀಳ್ತಾವ್ರೀ," ಅಂದ,
ನಾನು ಮೆಚ್ಚಿಕೊಂಡೇನು ಅನ್ನುವ ಹಾಗೆ.

ಕಲಂ, ಉಪಕಲಂ, ದಂಡದ ಮೊತ್ತ
ಎಲ್ಲ ನಾಲಿಗೆ ತುದಿಗೆ ಬಂದವು,
ಆ ಪತ್ರಿಕೆಯಷ್ಟು ದಪ್ಪ ಯಾವುದೂ ಇರಲಿಲ್ಲ.
ಉಗುರು ಹಾಕಿ ಕಿತ್ತೆ.
ಯಂತ್ರ ಸುಮ್ಮನಾಯಿತು. ಮಡಿಕೆ ಹಾಕುತ್ತಿದ್ದ
ರೇಣವ್ವನ ಕೈಯೂ.

ಬಾಗಿಲಲ್ಲಿ ಅಂದಾನೆಪ್ಪ. ಬೈತಾರೆ ಅಂದುಕೊಂಡೆ.
ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು,
ವೇಳೆ ನೋಡಿಕೊಳ್ಳುವ ಹಾಗೆ.
"ಮೌಲಾ, ಇವತ್ತು ಎರಡೂ ಕೈಲೆ ಒತ್ತಪಾ."

ಇವತ್ತು, ಅಂದರು. ಕೇಳಿಸಿತು ನನಗೆ.
ಆದರೂ ಟೇಬಲ್ಲಿಗೆ ಮರಳಿ
ಹನ್ನೆರಡನೆಯ ಸಲ ಇಲ್ಲ ಅಂತ ಬರೆದೆ. ಬೇರೇನು ಬರೆಯಲಿ,
ಆಗದೆ ಉಳಿದದ್ದಕ್ಕೆ ಅದರಲ್ಲಿ ಮನೆಯಿಲ್ಲ.

ಸಂಜೆ ರೈಲಿನಲ್ಲಿ ಚಿಲ್ಲರೆ ಹುಡುಕುವಾಗ
ಚೀಲದಲ್ಲಿ ಆ ಪತ್ರಿಕೆ ಸಿಕ್ಕಿತು. ಮಡಿಕೆ ಬಿಚ್ಚಿದೆ.
ಮದುವೆ ಹೋದ ಮೇ ತಿಂಗಳದ್ದು,
ಸರ್ವರಿಗೂ ಆದರದ ಸ್ವಾಗತ.
ಅಣ್ಣಿಗೇರಿ ಬರುವ ತನಕ ಲೆಕ್ಕ ಹಾಕುತ್ತ ಕೂತೆ,
ಎಂಟು ತಿಂಗಳು, ದಿನಕ್ಕೆ ನಾಕುನೂರು.
ಆಮೇಲೆ ಲೆಕ್ಕ ಬಿಟ್ಟೆ.

ಹೋದ ಜನವರಿ ನಾನು ಚಾ ಕುಡಿದು ಹೋದಾಗ
ಆ ಸಂದಿಯಲ್ಲಿ ಇನ್ಯಾರದೋ
ಮದುವೆ ಇದ್ದಿರಬೇಕು.