ಕೆಳಗಿನ ಎಲೆಯ ಬಣ್ಣ

ಕ್ರೋಟನ್ನಿನ ಕೊಂಬೆ ಮುರಿದು ಕೊಡುವಾಗ
ಇನಾಸಿನ್ ಬಾಯಿ ಹೇಳಿದ್ದು ಒಂದೇ ಮಾತು:
ಹಾಲು ಬಟ್ಟೆಗೆ ತಾಗಿಸಬೇಡ.
ಆಗಲೇ ತಾಗಿತ್ತು,
ಶಾಲೆಯ ಬಿಳಿ ಅಂಗಿಯ ಕಾಲರಿಗೆ, ಸಾಸಿವೆಯಷ್ಟು.
ಸೋಪು, ನಿಂಬೆ, ಸೀಮೆಎಣ್ಣೆ,
ಯಾವುದಕ್ಕೂ ಜಗ್ಗದ ಕಂದು ಚುಕ್ಕೆ.
ಹೊಸ ಕಾಲರು ನನ್ನ ಲೆಕ್ಕಕ್ಕೆ.

ಕೋಡಿಬಾಗದ ರಸ್ತೆಗೆ ಮುಖ ಮಾಡಿದ ಅಂಗಡಿ:
ಒಂದು ಮಶಿನ್, ಒಂದು ಕನ್ನಡಿ, ಎಂಟಡಿ ತಗಡು.
ಮೀನು ಬಂದ ಥರ್ಮಾಕೋಲ್ ಪೆಟ್ಟಿಗೆಗೆ ತೂತು ಕೊರೆದು
ಕಾಳಿಯ ಮರಳು ಎರಡು ಪಾಲು, ಕೆಂಪು ಮಣ್ಣು ಒಂದು.
ಗಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ
(ಬಟ್ಟೆಯ ಕತ್ತರಿಯಲ್ಲಿ ಅಲ್ಲ, ಆಣೆಗೂ ಅಲ್ಲ)
ನೆಟ್ಟೆ.
ಮೇಲೊಂದು ಪ್ಲಾಸ್ಟಿಕ್ ಚೀಲ, ಸೀರೆ ಅಂಗಡಿಯ ಹೆಸರಿನದು.

ಮೊದಲು ಇದ್ದ ಎಲೆಯೆಲ್ಲ ಉದುರಿತು.
ಕಡ್ಡಿ ಮಾತ್ರ.
ಬದುಕಿದೆಯೋ ಎಂದು ಉಗುರಲ್ಲಿ ಗೀರುವ ಆಸೆ ತಡೆದೆ.
ಸುಳ್ಳು. ಎರಡು ಸಲ ಗೀರಿದೆ. ಒಳಗೆ ಹಸಿರಿತ್ತು.
ತಿಂಗಳು ಕಳೆದ ಮೇಲೆ ತುದಿಯಲ್ಲಿ
ಮಗುವಿನ ಹಲ್ಲಿನಂತೆ ಒಂದು.

ತಗಡಿನ ನೆರಳಲ್ಲಿ ಬೆಳೆಯಿತು, ಬರೀ ಹಸಿರಾಗಿ.
ಬಣ್ಣ ಎಲ್ಲಿ ಎಂದರೆ ಬಾಯಿ ನಕ್ಕಳು:
ಬಿಸಿಲು ಕೊಟ್ಟೆಯಾ?
ಹೊರಗಿಟ್ಟೆ. ಕಡಲ ಗಾಳಿ ಅಂಚು ಸುಟ್ಟಿತು.
ಗೋಡೆಯ ಮರೆಗೆ ಸರಿಸಿ ಸಿಗಡಿ ಸಿಪ್ಪೆ ಹೂತೆ,
ಊರಿನ ಬೆಕ್ಕುಗಳಿಗೆಲ್ಲ ವಿಳಾಸ ಸಿಕ್ಕಿತು.

ನೂಲಿನ ಡಬ್ಬಿಯಲ್ಲಿ ನೂರಾ ಹನ್ನೆರಡು ಬಣ್ಣ.
ಒಂದೂ ಈಗ ಈ ಎಲೆಗೆ ಕೂಡುವುದಿಲ್ಲ.
ಹಳದಿ ಹಿಡಿದರೆ ನರದಲ್ಲಿ ಗುಲಾಬಿ,
ಗುಲಾಬಿ ಹಿಡಿದರೆ ಬೆನ್ನಲ್ಲಿ ಕುಂಕುಮ.
ತುದಿಯ ಎಲೆ ಹಸಿರು, ಎಳೆಯದು, ಇನ್ನೂ ಏನೂ ಕಂಡಿಲ್ಲ.
ಕೆಳಕೆಳಗೆ ಇಳಿದಂತೆ ಏರುತ್ತದೆ ಬಣ್ಣ.

ಹೋದ ಶನಿವಾರ ಬಾಯಿ ಬಂದಳು.
ಕಾಯ್ತಾನ್ ಹೋದಂದಿನಿಂದ, ಹನ್ನೊಂದು ವರ್ಷ,
ಅವಳ ಅಳತೆ ನನಗೆ ಬಾಯಿಪಾಠ:
ಕಪ್ಪು, ಮೊಣಕಾಲಿನ ಕೆಳಗೆ, ತೋಳು ಮುಕ್ಕಾಲು.
ತಲೆ ಎತ್ತದೆ ಪುಸ್ತಕದಲ್ಲಿ ಬರೆದೂ ಆಗಿತ್ತು.

ಅವಳು ಗಿಡದ ಹತ್ತಿರ ಹೋಗಿ,
ಒಂದು ಕೈಯಲ್ಲಿ ಸೊಂಟ ಹಿಡಿದು ಬಗ್ಗಿ,
ಎಲ್ಲಕ್ಕಿಂತ ಕೆಳಗಿನ ಎಲೆ ಮುರಿದು ತಂದು
ಮಶಿನಿನ ಮೇಲಿಟ್ಟಳು.
ಈ ಬಣ್ಣ ಸಿಗ್ತದಾ? ನಾತಾಳಕ್ಕೆ ಮುಂಚೆ?

ಮುರಿದ ತೊಟ್ಟಿನಿಂದ ಹಾಲು ಇಳಿಯುತ್ತಿತ್ತು
ಯಾರದೋ ಬಿಳಿ ಲಂಗದ ಅಂಚಿನ ಕಡೆ.
ಸರಿಸಬೇಕಿತ್ತು.
ನಾನು ಟೇಪು ಹುಡುಕುತ್ತಿದ್ದೆ.