ಮೇವಿನ ಪಾಳಿ

ಚಿಲೋಯೆ ದ್ವೀಪದ ಒಳಗಡಲಲ್ಲಿ ತೇಲುವ ಒಂದು ಕೋಣೆ.
ಅದರೊಳಗೆ ಆರು ಪರದೆ, ಒಂದು ಕುರ್ಚಿ, ನಾನು.
ಹನ್ನೊಂದು ದಿನ ನೀರು, ನಾಲ್ಕು ದಿನ ನೆಲ.
ಕೆಳಗೆ ಹನ್ನೆರಡು ಬಲೆಯ ಪಂಜರ,
ಒಂದೊಂದರಲ್ಲೂ ಸುತ್ತುತ್ತಲೇ ಇರುವ ಸಾಲ್ಮನ್ ಮೀನು,
ಎಡದಿಂದ ಬಲಕ್ಕೆ, ತಂದು ಬಿಟ್ಟಂದಿನಿಂದ ಬಲಕ್ಕೆ.

ನನ್ನ ಕೆಲಸ ಇಷ್ಟೇ:
ಗುಂಡಿ ಒತ್ತಿದರೆ ಕೊಳವೆಯಲ್ಲಿ ಗರಗರ ಮೇವು,
ನೀರ ಮೇಲೆ ಕಂದು ಆಲಿಕಲ್ಲು.
ಮುಳುಗಿದ ಕ್ಯಾಮೆರಾದ ಕಣ್ಣಲ್ಲಿ ಕಾಯಬೇಕು.
ಬಾಯಿಗಳು ಮೇಲೇರುತ್ತವೆ, ಮುಕ್ಕುತ್ತವೆ,
ನಿಧಾನವಾಗುತ್ತವೆ,
ಕೊನೆಗೊಂದು ಗುಳಿಗೆ ಯಾರಿಗೂ ಬೇಡವಾಗಿ
ಎಲ್ಲರ ಮುಂದೆಯೇ ಹಾದು ತಳಕ್ಕಿಳಿಯುತ್ತದೆ.
ಅಂಥವು ಮೂರು ಕಂಡರೆ
ನಿಲ್ಲಿಸು.
ಕೆಲಸ ಕಲಿಸಿದ ಬಾರ್ರಿಯಾ ಹೇಳಿದ್ದ:
"ಹಸಿವು ಯಾರಿಗಾದರೂ ಕಾಣುತ್ತೆ ಕಣಯ್ಯಾ,
ಸಾಕು ಅನ್ನೋದನ್ನ ಕಾಣೋಕೆ ನಿನಗೆ ಸಂಬಳ."

ಎರಡು ಮೇವಿನ ನಡುವೆ, ಮತ್ತೆ ಇರುಳಿಡೀ,
ಅಂಗೈಯಲ್ಲಿ ಏಳನೆಯ ಪರದೆ.
ಅದರೊಳಗೆ ಜನ ದೋಣಿ ಕಟ್ಟುತ್ತಾರೆ.
ನಾರ್ವೆಯ ಮುದುಕನೊಬ್ಬ, ಮಾತಿಲ್ಲ, ಬರೀ ಉಳಿಯ ಸದ್ದು.
ಜಾಂಜಿಬಾರಿನಲ್ಲಿ ಯಾರೋ ಮೊಳೆಯಿಲ್ಲದೆ
ತೆಂಗಿನ ನಾರಿನಲ್ಲಿ ಹಲಗೆ ಹೊಲಿಯುತ್ತಾನೆ.
ಮೂರು ವರ್ಷದಲ್ಲಿ ನಾನು ನೋಡಿ ಮುಗಿಸಿದ ದೋಣಿ
ನಾಲ್ಕುನೂರಾದರೂ ಇರಬಹುದು.
ಮರಕ್ಕೆ ಎಷ್ಟು ಹೊತ್ತು ಹಬೆ ಕೊಡಬೇಕು, ಕೇಳಿ:
ಅಂಗುಲ ದಪ್ಪಕ್ಕೆ ಒಂದು ಗಂಟೆ.
ಕೇಳದವರಿಗೂ ಹೇಳಿದ್ದೇನೆ.

ನನ್ನದೂ ಒಂದಿದೆ, ಕುರಾಕೋದ ಕೊಟ್ಟಿಗೆಯಲ್ಲಿ.
ಬೆನ್ನುಮೂಳೆ ಇಟ್ಟು ಮೂರು ಪಕ್ಕೆಲುಬು ಏರಿಸಿ ಬಿಟ್ಟದ್ದು.
ಸೋದರಮಾವ ಎಲಿಯೊದೋರೊ ಕೊಟ್ಟ ಸೈಪ್ರೆಸ್ ಮರ;
ಅವನು ತೀರಿ ಎರಡು ಚಳಿಗಾಲ.
ಈಗ ಅದರಲ್ಲಿ ಕೋಳಿಗಳ ಸಂಸಾರ.
ಪಕ್ಕದ ಮನೆಯ ಎರ್ಮೀನ್ಯಾ ಮೊಟ್ಟೆ ಆರಿಸುತ್ತಾ ಕೇಳುತ್ತಾಳೆ,
"ಇದು ನೀರು ಕಾಣೋದು ಯಾವಾಗಪ್ಪಾ?"
"ಇನ್ನೂ ಸ್ವಲ್ಪ ಕಲಿಯೋದಿದೆ."
ಅದೇ ಮಾತು, ಅದೇ ನಗು, ಪ್ರತಿ ರಜೆಗೂ.

ಹೋದ ಸೆಪ್ಟೆಂಬರಿನ ಒಂದು ಸಂಜೆ
ನಾಲ್ಕನೆಯ ಪಂಜರದಲ್ಲಿ ಗುಳಿಗೆಗಳು ಇಳಿಯುತ್ತಿದ್ದವು,
ಮೂರು, ಮೂವತ್ತು, ಮುನ್ನೂರು,
ತಿರುಗಿಯೂ ನೋಡದ ಮೀನುಗಳ ನಡುವೆ.
ನಾನೂ ನೋಡಲಿಲ್ಲ.
ಮುದುಕ ಹಲಗೆ ಬಾಗಿಸುತ್ತಿದ್ದ,
ಅದೇ ಹಲಗೆ, ಮೂರನೆಯ ಸಲ.
ಇನ್ನೂರು ಕಿಲೊ ಕಡಲ ತಳಕ್ಕೆ.
ಬಾರ್ರಿಯಾ ರೇಡಿಯೊದಲ್ಲಿ ಬೈದ, ಎಲ್ಲ ಪಾಳಿಗೂ ಕೇಳುವಂತೆ.
ಬೈಗುಳ ಮರೆತೆ. ಉಳಿದದ್ದು ಬೇರೆ:
ಮೀನಿಗೆ ಸಾಕಾದದ್ದನ್ನು ಕಾಣಲು
ಒಬ್ಬ ಮನುಷ್ಯ, ಒಂದು ಕ್ಯಾಮೆರಾ, ತಿಂಗಳ ಸಂಬಳ.
ನನಗೆ ಸಾಕಾದಾಗ
ಗುಂಡಿ ಆರಿಸುವವರು ಯಾರು?

ರಜೆಗೆ ನೆಲಕ್ಕಿಳಿದೆ.
ಎರ್ಮೀನ್ಯಾಳ ಎತ್ತು ಬೇಲಿ ಪಕ್ಕ ಮಲಗಿ
ಮೆಲುಕು ಹಾಕುತ್ತಿತ್ತು.
ಮೇಯ್ದದ್ದು ಮುಂಜಾನೆ, ಈಗ ಇಳಿಹೊತ್ತು;
ಬಾಯಲ್ಲಿ ಅದೇ ಹುಲ್ಲು, ಕಣ್ಣು ಅರೆಮುಚ್ಚಿ.
ಮೀನಿಗೆ ಮೆಲುಕಿಲ್ಲ.
ಬಹಳ ಹೊತ್ತು ನಿಂತಿದ್ದೆ ಅಲ್ಲಿ, ಬೂಟು ಒದ್ದೆಯಾಗುವಷ್ಟು.

ಫೋನು ಒಡೆಯಲಿಲ್ಲ, ಕಡಲಿಗೆ ಎಸೆಯಲಿಲ್ಲ,
ಅಂಥ ವೀರನಲ್ಲ ನಾನು.
ಮುದುಕನಿಂದ ಒಂದೇ ಒಂದು ತಿಳಿಯಬೇಕಿತ್ತು:
ಹಬೆಪೆಟ್ಟಿಗೆಯ ಬಾಯಿಗೆ ಏನು ತುರುಕುತ್ತಾನೆ?
ಹಳೆ ಚಿಂದಿ. ಅಷ್ಟೇ.
ಫೋನನ್ನು ಹಿಟ್ಟಿನ ಡಬ್ಬಿಯ ಹಿಂದಿಟ್ಟೆ.

ಕೋಳಿಗಳನ್ನು ಎಬ್ಬಿಸಿದೆ.
ಒಂದು ಏಳಲೊಲ್ಲದು, ಕಾವು ಕೂತಿತ್ತು;
ಅದನ್ನು ಸುತ್ತಿ ಬಳಸಿಯೇ ಕೆಲಸ ಮಾಡಿದೆ.
ಮೊದಲ ಪಟ್ಟಿ ಬಾಗುವಾಗ ಬಿರಿಯಿತು.
ನಾಲ್ಕುನೂರು ದೋಣಿಗಳಲ್ಲಿ ಎಲ್ಲೂ ಕೇಳದ ಸದ್ದು,
ಅವರು ಅದನ್ನು ಕತ್ತರಿಸಿ ತೆಗೆದಿರುತ್ತಾರೆ.
ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತು.
ಎರಡನೆಯದು ಬಾಗಿತು, ಕೊಂಚ ಸೊಟ್ಟ,
ಯಾರ ದೋಣಿಯಲ್ಲೂ ಇಲ್ಲದ ಸೊಟ್ಟ.

ಎರ್ಮೀನ್ಯಾ ಬಂದು ಕೈಯಾಡಿಸಿ ನೋಡಿದಳು.
"ನೀರಿಗೆ ಗೊತ್ತಾಗುತ್ತೆ."
"ಗೊತ್ತಾಗಲಿ" ಅಂದೆ.

ನಾಳೆ ಮತ್ತೆ ಹನ್ನೊಂದು ದಿನ, ಆರು ಪರದೆ.
ಏಳನೆಯದೂ ಜೇಬಲ್ಲಿ ಬರುತ್ತದೆ, ಗೊತ್ತು.
ಕೈಗೆ ಇನ್ನೂ ಸೈಪ್ರೆಸ್ ವಾಸನೆ.
ನಾಲ್ಕು ಪಕ್ಕೆಲುಬಿನ ನಡುವೆ ಕೋಳಿ,
ಕಾವಿನಲ್ಲಿ.