ಕಾರಟಗಿ ಲಿಂಕು

ಒಂಬತ್ತು ರಾತ್ರಿಯಿಂದ ಇದೇ ಪಾಡು.
ಎರಡು ಗಂಟೆಗೆ ಸರಿಯಾಗಿ ಫೋನು:
‘ಮತ್ತ ಹೋತು ನೋಡ್ರಿ ಮೇಡಂ.’
ರೈಸ್ ಮಿಲ್ಲಿನ ತೂಕದ ಕಟ್ಟೆಯ ಮೇಲೆ ಲಾರಿ,
ಬಿಲ್ಲು ಬಾರದೆ ಡ್ರೈವರು ಹಾರ್ನ್ ಒತ್ತುತ್ತಾನೆ,
ಆ ಹಾರ್ನೂ ಫೋನಿನೊಳಗೇ ಕೇಳುತ್ತದೆ ನನಗೆ.
ಬೆಳಿಗ್ಗೆ ಹೋಗಿ ನೋಡಿದರೆ
ಎಲ್ಲಾ ನೆಟ್ಟಗೆ.
ಹಾಲು ಕುಡಿದು ಬಂದ ಬೆಕ್ಕಿನ ಮುಖ.

ಗಂಗಾವತಿಯ ಗುಡ್ಡದ ಮೇಲೊಂದು ರೌಟರು,
ಕಾರಟಗಿಯ ಮಿಲ್ಲಿನಲ್ಲೊಂದು,
ನಡುವೆ ಬರಿ ಗಾಳಿ.
ಹತ್ತು ಸೆಕೆಂಡಿಗೊಮ್ಮೆ ‘ಇದೀನಿ’ ಅನ್ನಬೇಕು ಇವು
ಒಂದಕ್ಕೊಂದು, ಹಗಲಿರುಳು.
ನಾಲ್ಕು ಸಲ ಕೇಳಿಸದಿದ್ದರೆ ಸತ್ತಂತೆ ಲೆಕ್ಕ.
ಅಳುವುದಿಲ್ಲ. ಉಳಿದವಕ್ಕೆಲ್ಲ ಸುದ್ದಿ ಮುಟ್ಟಿಸಿ
ಕನಕಗಿರಿ ಸುತ್ತಿ ಬಳಸುದಾರಿ ಹಾಕುತ್ತವೆ;
ದಾರಿ ಹಾಕಿ ಮುಗಿಯುವಷ್ಟರಲ್ಲಿ
ಸತ್ತವ ಕೆಮ್ಮುತ್ತಾನೆ: ‘ಇದೀನಿ.’
ಮತ್ತೆ ಲೆಕ್ಕ, ಮತ್ತೆ ಹಳೇ ದಾರಿ.
ಒಂದೇ ರಾತ್ರಿಗೆ ನೂರಾ ಹದಿನಾಲ್ಕು ಸಾವು
ನೂರಾ ಹದಿನಾಲ್ಕು ಹುಟ್ಟು.

ಪುಸ್ತಕದಲ್ಲಿ ಬರೆಯುತ್ತಿದ್ದೆ:
ನೆರೆ ಹೋಯಿತು. ನೆರೆ ಬಂತು.
ಪಕ್ಕದವ ಅನ್ನುವ ಅರ್ಥದಲ್ಲಿ.
ಓನರ್ ಶೇಕ್ಷಾವಲಿ ಸಾಹೇಬರು ಓದಿ
‘ಎಲ್ಲಿ ನೆರಿ ಬಂತವ್ವಾ? ಹೊಳಿ ತುಂಬೇತೇನು?’
ಎಂದಿದ್ದರು. ನಕ್ಕಿದ್ದೆ.

ಕೇಬಲ್ ಬದಲಿಸಿದೆ. ಚಾನೆಲ್ ಬದಲಿಸಿದೆ.
ಕಾಯುವ ಹೊತ್ತನ್ನು ನಲವತ್ತರಿಂದ ನೂರಿಪ್ಪತ್ತಕ್ಕೆ ಏರಿಸಿದೆ,
ಗುಡ್ಡದಲ್ಲಿ ಏರಿಸಿ ಮಿಲ್ಲಿನಲ್ಲಿ ಮರೆತೆ:
ಎರಡೂ ಮಾತೇ ಬಿಟ್ಟವು,
ಮುಹೂರ್ತ ಹೊಂದದ ಬೀಗರ ಹಾಗೆ.
ಯಮನೂರ ಮಾಸ್ಟ್ ಹತ್ತಿ ಡಿಶ್ಶಿನ ಕತ್ತು ಹಿಡಿದು ಅಲುಗಿಸಿ
‘ಕಲ್ಲಿನಂಗೈತ್ರಿ’ ಎಂದ.
ಮಿಲ್ಲಿನ ಗುಮಾಸ್ತರು ‘ಒಂದು ನಿಂಬಿಹಣ್ಣು ಕಟ್ಟಸ್ರಿ’ ಎಂದರು.
ಡಿಶ್ಶಿನ ಕೆಳಗೇ ಕಟ್ಟಿಸಿದೆ. ಅದೂ ಆಯಿತು.

ಹತ್ತನೇ ರಾತ್ರಿ ಮಿಲ್ಲಿನಲ್ಲೇ ಉಳಿದೆ.
ಎಲೆ ಅಲುಗದ ಸೆಕೆ.
ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ಲು
ಬಾವಿಗೆ ಬಿಟ್ಟ ಕೊಡದಂತೆ ಇಳಿಯುತ್ತಿತ್ತು.
ಕಾಂಪೌಂಡಿಗೆ ಒರಗಿ ಆಚೆ ನೋಡಿದರೆ
ಗದ್ದೆಯೊಳಗೆ ತಲೆಕೆಳಗಾಗಿ ನಮ್ಮದೇ ಮಾಸ್ಟು,
ಅದರ ತುದಿಯ ಕೆಂಪು ದೀಪ
ಕಪ್ಪೆಗಳ ನಡುವೆ, ಒಂದಿಷ್ಟೂ ಅಲುಗದೆ.

ನಾಟಿ ಇನ್ನೂ ಬೆರಳುದ್ದ, ಉಳಿದದ್ದೆಲ್ಲ ನೀರು.
ಮಡೆ ತಿರುವಲು ಸಲಿಕೆ ಹಿಡಿದು ಬಂದ
ಕ್ಯಾಂಪಿನ ವೀರ್ರಾಜುವನ್ನು ಕೇಳಿದೆ,
ಕಾಲುವೆ ನೀರು ಎಂದು ಬಂತು?
‘ಪದಿ ರೋಜುಲು’ ಎಂದವ, ಕನ್ನಡಕ್ಕೆ ಹೊರಳಿ
‘ಹತ್ತು ದಿನ ಆತಮ್ಮಾ.’
ಬೆರಳು ಮಡಚಿ ಎಣಿಸಿದೆ.

ಗುಡ್ಡದಿಂದ ಹೊರಟ ‘ಇದೀನಿ’
ಎರಡಾಗಿ ಬರುತ್ತಿತ್ತು:
ಒಂದು ನೆಟ್ಟಗೆ,
ಇನ್ನೊಂದು ಈ ಕನ್ನಡಿಗೆ ಬಡಿದು, ಕೂದಲೆಳೆಯಷ್ಟು ತಡವಾಗಿ.
ಎರಡೂ ನಿಜ, ಎರಡೂ ಅದೇ ಮಾತು,
ಕಿವಿಯ ಬಾಗಿಲಲ್ಲಿ ಸೇರಿ
ಒಂದನ್ನೊಂದು ಅಳಿಸಿಕೊಳ್ಳುತ್ತಿದ್ದವು.
ಹಗಲು ಗಾಳಿ ನೀರಿಗೆ ನೆರಿಗೆ ಹಿಡಿಯುತ್ತಿತ್ತು,
ಕನ್ನಡಿ ಒಡೆಯುತ್ತಿತ್ತು,
ನಾನು ಬೆಳಿಗ್ಗೆಯೇ ಬಂದು ಬೆಳಿಗ್ಗೆಯೇ ಹೋಗುತ್ತಿದ್ದೆ.

ಬದುವಿನ ಹೆಂಟೆಯೊಂದನ್ನೆತ್ತಿ ಎಸೆದೆ.
ಕೆಂಪು ದೀಪ ಚೂರಾಯಿತು.
ಸಿಗ್ನಲ್ಲು ಒಂದು ಗಳಿಗೆ ಏರಿತೋ,
ನನಗೆ ಹಾಗನ್ನಿಸಿತೋ.
‘ಹೀನು ಹಿಡೀಲಿಕ್ಕಾ?’ ಎಂದ ವೀರ್ರಾಜು, ಮೀನು ಅನ್ನಲು ಹೋಗಿ.

ಬೆಳಿಗ್ಗೆ ಯಮನೂರ ಡಿಶ್ಶನ್ನು ಹನ್ನೆರಡಡಿ ಇಳಿಸಿದ,
ಗುಡ್ಡ ಕಾಣುವಷ್ಟು, ಗದ್ದೆ ಕಾಣದಷ್ಟು,
ಹೊಟ್ಟಿನ ಶೆಡ್ಡಿನ ತಗಡು ಮರೆಯಾಗುವಂತೆ.
‘ಮ್ಯಾಲ ಏರಸಾದು ಗೊತ್ತು,
ಇಳಸಾದು ಇದ ಮೊದಲ’ ಎಂದು ಗೊಣಗಿದ.
ಆ ರಾತ್ರಿ ಫೋನು ಬರಲಿಲ್ಲ.
ಎರಡಕ್ಕೆ ತಾನೇ ಎಚ್ಚರವಾಗಿ, ಕಾದೆ.

ಕಾರಣದ ಕಾಲಮಿನಲ್ಲಿ ನೆರೆ ಎಂದೇ ಬರೆದೆ.
ಸಾಹೇಬರು ಈ ಸಲ ಏನೂ ಕೇಳಲಿಲ್ಲ.

ನಿಂಬೆಹಣ್ಣು ಮಾತ್ರ ಮೇಲೆಯೇ ಉಳಿದಿದೆ,
ಡಿಶ್ಶಿಗಿಂತ ಎತ್ತರದಲ್ಲಿ, ಒಣಗುತ್ತ.
ಗುಮಾಸ್ತರು ಅದನ್ನೊಮ್ಮೆ ನೋಡುತ್ತಾರೆ,
ಆಮೇಲೆ ನನ್ನನ್ನು.